ಐದು ಗೆಲುವು, ಒಂದು ಅಂಕ

2024ರ ಮೇ 11, ಶನಿವಾರ ರಾತ್ರಿ. ಬೇಗ ಮಲಗಬೇಕೆಂಬ ನಿಯಮಕ್ಕೆ ನಮ್ಮ ಮನೆಯಲ್ಲಿ ಅಂದು ರಜೆ. ಸೋಫಾ ಮೇಲೆ ನಾನು, ನಮ್ಮವರು, ನಡುವೆ ಏಳು ವರ್ಷದ ಮಗಳು, ಅವಳ ಮಡಿಲಲ್ಲಿ ಒಂದು ಬಟ್ಟಲು ಚುರುಮುರಿ. ಟೀವಿಯಲ್ಲಿ ಸ್ವೀಡನ್ನಿನ ಮಾಲ್ಮೋದಿಂದ ಯೂರೋವಿಷನ್ ಹಾಡಿನ ಸ್ಪರ್ಧೆಯ ಫೈನಲ್. ನಾವಿರುವ ಪುಟ್ಟ ದೇಶ ಲಕ್ಸೆಂಬರ್ಗ್ 31 ವರ್ಷಗಳ ನಂತರ ಆ ವೇದಿಕೆಗೆ ಮರಳಿತ್ತು. ಶಾಲೆಯಲ್ಲೂ ಅದೇ ಮಾತು, ಟ್ರಾಮಿನಲ್ಲೂ ಅದೇ ಮಾತು.

ಗಾಯಕಿ ಟಾಲಿ ಬಂದರು, ಚೆನ್ನಾಗಿಯೇ ಹಾಡಿದರು. ಒಂದಿಷ್ಟು ಫ್ರೆಂಚ್, ಒಂದಿಷ್ಟು ಇಂಗ್ಲಿಷ್. ಹಾಡು ಮುಗಿದ ಮೇಲೆ ಮಗಳು ನನ್ನತ್ತ ತಿರುಗಿ ಕೇಳಿದಳು: "ಅಮ್ಮಾ, ಅವ್ಳು ಯಾಕೆ ನಮ್ ಭಾಷೇಲಿ ಹಾಡ್ಲಿಲ್ಲ?"

ನನಗೆ ಮೊದಲು ಅರ್ಥವಾಗಲಿಲ್ಲ. ಟಾಲಿ ಕನ್ನಡದಲ್ಲಿ ಯಾಕೆ ಹಾಡುತ್ತಾರೆ? ಆಮೇಲೆ ಹೊಳೆಯಿತು. ಅವಳು ಕೇಳಿದ್ದು ಲಕ್ಸೆಂಬರ್ಗಿಷ್ ಬಗ್ಗೆ. "ನಮ್ ಭಾಷೆ" ಅಂದರೆ ಅವಳಿಗೆ ಅದು.

ಹೊರದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗು ತಪ್ಪೇನೂ ಮಾಡಿರಲಿಲ್ಲ. ಇಲ್ಲಿ ಮಕ್ಕಳು ಶಾಲೆಗೆ ಕಾಲಿಟ್ಟಾಗ ಮೊದಲು ಲಕ್ಸೆಂಬರ್ಗಿಷ್‌ನಲ್ಲಿ ಆಡುತ್ತಾರೆ, ಜಗಳವಾಡುತ್ತಾರೆ, ಸ್ನೇಹ ಮಾಡುತ್ತಾರೆ. ಆಗ ಓದುಬರಹವನ್ನು ಸಾಮಾನ್ಯವಾಗಿ ಜರ್ಮನ್‌ನಲ್ಲಿ ಕಲಿಯುತ್ತಿದ್ದರು. ಜೊತೆಗೆ ಫ್ರೆಂಚ್ ಬಂದು ಸೇರುತ್ತದೆ. ಇಷ್ಟರ ನಡುವೆ ಕನ್ನಡ ಅಂದರೆ ಅಮ್ಮ ಅಪ್ಪ ಮಾತಾಡುವುದು, ಅಷ್ಟೇ. ಗೊತ್ತಿದ್ದರೂ ಆ ರಾತ್ರಿ ಗಂಟಲು ಕಟ್ಟಿತು. ಯಾಕೆಂದರೆ ಆರು ತಿಂಗಳ ಹಿಂದೆ ನಾನು ಗೆದ್ದೆ ಅಂದುಕೊಂಡಿದ್ದೆ.

ಬಹುಮಾನದ ಕನ್ನಡ

2023ರ ನವೆಂಬರ್‌ನಲ್ಲಿ ಇಲ್ಲಿನ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವ ಮಾಡಿದಾಗ ಮಗಳು ಒಂದು ಭಾವಗೀತೆ ಹಾಡಿದ್ದಳು. ಹಾಡನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದವಳು ನಾನೇ. ಮೂರು ವಾರ ದಿನಾ ಅಭ್ಯಾಸ ಮಾಡಿಸಿದೆ. ಜರತಾರಿ ಲಂಗ ಉಟ್ಟು, ಮಲ್ಲಿಗೆ ಸಿಗದೆ ಬಟ್ಟೆಯ ಹೂ ಮುಡಿದು ಹಾಡಿದಳು. ಮೊದಲ ಬಹುಮಾನ ಬಂತು. "ಇಲ್ಲೇ ಹುಟ್ಟಿದ ಮಗು, ಎಷ್ಟು ಚೆಂದ ಕನ್ನಡ!" ಎಂದು ಹತ್ತು ಜನ ಹೇಳಿದರು. ವೀಡಿಯೋ ತಿಪಟೂರಿನಲ್ಲಿರುವ ನನ್ನ ಅಮ್ಮನಿಗೆ ಹೋಯಿತು, ಅಲ್ಲಿಂದ ಬೀದಿಗೆಲ್ಲ ಹೋಯಿತು.

ಜನವರಿಯಲ್ಲಿ ಮಗಳಿಗೆ ಜ್ವರ. ಅಜ್ಜಿ ವೀಡಿಯೋ ಕಾಲ್ ಮಾಡಿ, "ಏನಾಗ್ತಿದೆ ಪುಟ್ಟಿ? ಎಲ್ಲಿ ನೋವು, ಹೇಳು" ಅಂದರು. ಮಗಳು ಫೋನಿನಿಂದ ಮುಖ ತಿರುಗಿಸಿ ನನಗೆ ಅಂದಳು, "ನೀನೇ ಹೇಳು." ಹೊಟ್ಟೆ ನೋಯುತ್ತಿದೆ ಎಂದು ಹೇಳಲು ಅವಳಿಗೆ ಕನ್ನಡ ಬರಲಿಲ್ಲ. ಬಂದರೂ ತಪ್ಪಾದೀತೆಂಬ ಹೆದರಿಕೆ ಇತ್ತು. ಮಗಳು ಮಲಗಿದ ಮೇಲೆ ಅಮ್ಮ ನನ್ನನ್ನು ಕೇಳಿದರು, "ಅಷ್ಟು ಚೆನ್ನಾಗಿ ಹಾಡ್ತಾಳಲ್ಲೇ, ನನ್ ಹತ್ರ ಯಾಕೆ ಮಾತಾಡಲ್ಲ?"

ನಾನು ಆಗ ಉತ್ತರ ಕೊಡಲಿಲ್ಲ. ಉತ್ತರ ಸಿಕ್ಕಿದ್ದು ಮೇ ತಿಂಗಳಲ್ಲಿ, ಮಗಳ ಪ್ರಶ್ನೆಯ ಬೆನ್ನು ಹತ್ತಿ ಈ ದೇಶದ ಹಾಡಿನ ಚರಿತ್ರೆ ಓದಿದಾಗ.

ಎರವಲು ದನಿಯ ಗೆಲುವು

ಲಕ್ಸೆಂಬರ್ಗ್ ನಮ್ಮ ಕೊಡಗಿಗಿಂತ ಚಿಕ್ಕದು, 2,586 ಚದರ ಕಿಲೋಮೀಟರ್. ಜನಸಂಖ್ಯೆ ಏಳು ಲಕ್ಷ ಮುಟ್ಟಿಲ್ಲ, ಅದರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಜನ ನಮ್ಮಂತೆ ಹೊರಗಿನವರು. ಆದರೂ ಯೂರೋವಿಷನ್‌ನಲ್ಲಿ ಈ ದೇಶ ಒಂದು ಕಾಲದ ಹುಲಿ. 1956ರ ಮೊದಲ ಸ್ಪರ್ಧೆಯಿಂದಲೇ ಇತ್ತು. 1961, 1965, 1972, 1973, 1983, ಹೀಗೆ ಐದು ಸಲ ಗೆದ್ದಿತು. 1972 ಮತ್ತು 73ರಲ್ಲಿ ಸತತ ಎರಡು ವರ್ಷ ಗೆದ್ದಾಗಲಂತೂ ಮರುವರ್ಷದ ಸ್ಪರ್ಧೆ ನಡೆಸಿಕೊಡಲು ಆಗದೆ ಕೈ ಚೆಲ್ಲಿತು. 1974ರ ಸ್ಪರ್ಧೆ ಇಂಗ್ಲೆಂಡಿನ ಬ್ರೈಟನ್‌ಗೆ ಹೋಯಿತು. ಆಬಾ ತಂಡ ಗೆದ್ದದ್ದು ಅಲ್ಲೇ.

ಆದರೆ ಗೆದ್ದವರು ಯಾರು? ಝಾಂ-ಕ್ಲೋದ್ ಪಾಸ್ಕಲ್, ಫ್ರಾನ್ಸ್ ಗಾಲ್, ಆನ್-ಮರೀ ದಾವಿದ್, ಕೊರಿನ್ ಎರ್ಮೆಸ್ ನಾಲ್ವರೂ ಫ್ರಾನ್ಸ್‌ನವರು. ವಿಕಿ ಲಿಯಾಂದ್ರೋಸ್ ಗ್ರೀಸ್‌ನಲ್ಲಿ ಹುಟ್ಟಿದವರು. ಐವರಲ್ಲಿ ಒಬ್ಬರೂ ಲಕ್ಸೆಂಬರ್ಗ್‌ನವರಲ್ಲ. ಐದೂ ಹಾಡು ಫ್ರೆಂಚಿನವು. ಗೆಲ್ಲದ ವರ್ಷಗಳಲ್ಲೂ ಬಹುಪಾಲು ಇದೇ ಕತೆ. 1963ರಲ್ಲಿ ಗ್ರೀಸ್‌ನ ನಾನಾ ಮುಸ್ಕೂರಿ, 1978ರಲ್ಲಿ ಸ್ಪೇನ್‌ನ ಬಕ್ಕಾರಾ ಜೋಡಿ ಈ ದೇಶದ ಹೆಸರಿನಲ್ಲಿ ಹಾಡಿದರು. ಇದಕ್ಕೂ ಕಾರಣವಿತ್ತು. ಇಲ್ಲಿನ ಪ್ರಸಾರ ಸಂಸ್ಥೆ ಖಾಸಗಿಯದು, ಅದರ ಕೇಳುಗರು ಹೆಚ್ಚಾಗಿ ಗಡಿಯಾಚೆಯವರು. ಅವರಿಗೆ ಫ್ರೆಂಚ್ ಬೇಕಿತ್ತು.

ಹಾಗಾದರೆ ಲಕ್ಸೆಂಬರ್ಗಿಷ್? ಅದು ಆ ವೇದಿಕೆ ಹತ್ತಿದ್ದೇ ಮೂರು ಸಲ. ಮೊದಲ ಸಲ 1960ರಲ್ಲಿ, ಲಂಡನ್‌ನಲ್ಲಿ. ಹಾಡಿದವರು ಕಮಿಲ್ಲೊ ಫೆಲ್ಗೆನ್, ಇದೇ ನೆಲದ ಮಗ, ರೇಡಿಯೋ ಲಕ್ಸೆಂಬರ್ಗ್‌ನ ಉದ್ಘೋಷಕ. ಹಾಡಿನ ಹೆಸರಿನ ಅರ್ಥ "ನೀನು ಇರುವವರೆಗೆ". ಬಂದದ್ದು ಒಂದೇ ಒಂದು ಅಂಕ. ಹದಿಮೂರು ದೇಶಗಳಲ್ಲಿ ಹದಿಮೂರನೇ ಸ್ಥಾನ.

ಅದೇ ಫೆಲ್ಗೆನ್ 1962ರಲ್ಲಿ ಮತ್ತೆ ಬಂದರು. ಈ ಸಲ ಸ್ಪರ್ಧೆ ಅವರದೇ ಊರಿನಲ್ಲಿ, ನಗರದ ಪಾರ್ಕಿನ ನಡುವಿನ ವಿಲ್ಲಾ ಲೂವಿನ್ಯಿ ಕಟ್ಟಡದಲ್ಲಿ. ಈಗ ಫ್ರೆಂಚಿನಲ್ಲಿ ಹಾಡಿದರು, ಮೂರನೇ ಸ್ಥಾನ ಬಂತು. 1964ರಲ್ಲಿ ಬೀಟಲ್ಸ್ ತಮ್ಮ ಎರಡು ಹಾಡುಗಳನ್ನು ಜರ್ಮನ್‌ನಲ್ಲಿ ಹಾಡಿದಾಗ ಆ ಜರ್ಮನ್ ಸಾಹಿತ್ಯಕ್ಕೆ ಕೈ ಹಾಕಿದವರೂ ಇದೇ ಫೆಲ್ಗೆನ್! ಫ್ರೆಂಚಿನಲ್ಲಿ ಹಾಡಬಲ್ಲ, ಬೀಟಲ್ಸ್‌ಗೆ ಜರ್ಮನ್ ಒದಗಿಸಬಲ್ಲ ಮನುಷ್ಯನ ಮನೆಮಾತಿಗೆ ಸಿಕ್ಕಿದ್ದು ಒಂದು ಅಂಕ.

ಆಮೇಲೆ ಮೂವತ್ತೆರಡು ವರ್ಷ ಲಕ್ಸೆಂಬರ್ಗಿಷ್ ಆ ವೇದಿಕೆಗೆ ಬರಲಿಲ್ಲ. 1992ರಲ್ಲಿ ಒಂದು ಪೂರ್ತಿ ಹಾಡು, 1993ರಲ್ಲಿ ಫ್ರೆಂಚ್ ಜೊತೆ ಬೆರೆತ ಒಂದು ಹಾಡು. ಎರಡೂ ಸಲ ಪಟ್ಟಿಯ ತಳದ ಹತ್ತಿರ. ಕೆಳಗಿನ ಸ್ಥಾನ ಪಡೆದವರು ಹೊರಗಿರಬೇಕೆಂಬ ನಿಯಮಕ್ಕೆ ಸಿಕ್ಕಿ ದೇಶವೇ 1994ರಲ್ಲಿ ಹೊರಗುಳಿಯಿತು, ಆಮೇಲೆ ತಾನಾಗಿಯೂ ಬರಲಿಲ್ಲ. ಮರಳಿದ್ದು ಟಾಲಿಯೊಂದಿಗೆ. ಆ ರಾತ್ರಿ 13ನೇ ಸ್ಥಾನ ಬಂದಾಗ ಮಗಳು ನಿದ್ದೆಗೆ ಜಾರಿದ್ದಳು.

ಭಾಷೆ ಉಳಿದದ್ದು ಎಲ್ಲಿ?

ಇದನ್ನೆಲ್ಲ ಓದುವಾಗ ನನಗೆ ಫ್ರಿಜ್ ಬಾಗಿಲಿನ ಆ ಹಾಳೆ ಕಾಣುತ್ತಿತ್ತು. ನಾನು ಮಾಡಿದ್ದೂ ಅದನ್ನೇ ಅಲ್ಲವೇ? ಎರವಲು ದನಿಯಿಂದ ಒಂದು ಬಹುಮಾನ ತಂದುಕೊಂಡೆ. ಮಗಳು ಹಾಡಿದಳು ನಿಜ, ಆದರೆ ಆ ಕನ್ನಡ ಅವಳದಾಗಿರಲಿಲ್ಲ, ನನ್ನದು. ಬಾಯಿ ಮಾತ್ರ ಅವಳದು.

ತಪ್ಪು ತಿಳಿಯಬೇಡಿ, ಮಕ್ಕಳನ್ನು ವೇದಿಕೆ ಹತ್ತಿಸಬಾರದು ಎಂದು ನಾನು ಹೇಳುತ್ತಿಲ್ಲ. ಮುಂದಿನ ರಾಜ್ಯೋತ್ಸವದಲ್ಲೂ ನಾನು ಲಂಗ ಇಸ್ತ್ರಿ ಮಾಡುವವಳೇ. ಆದರೆ ಒಂದು ವಿಷಯ ಗಮನಿಸಿ. ಐದು ಗೆಲುವುಗಳಲ್ಲಿ ಒಂದಕ್ಕೂ ಬೇಡವಾದ ಲಕ್ಸೆಂಬರ್ಗಿಷ್ ಸಾಯಲಿಲ್ಲ. 1984ರಲ್ಲಿ ಕಾನೂನು ಅದನ್ನು ರಾಷ್ಟ್ರಭಾಷೆ ಎಂದಿತು, 2023ರಿಂದ ಸಂವಿಧಾನವೂ ಅದು ಈ ದೇಶದ ಭಾಷೆ ಎನ್ನುತ್ತದೆ. ಅದಕ್ಕೂ ಮೊದಲು ಅದನ್ನು ಕಾಪಾಡಿದ್ದು ಅಡುಗೆಮನೆ, ಅಂಗಡಿ, ಆಟದ ಬಯಲು. ನನ್ನ ಮಗಳಿಗೆ ಅದು "ನಮ್ ಭಾಷೆ" ಆದದ್ದೂ ಹಾಗೇ. ಅವಳಿಗೆ ಅದನ್ನು ಯಾರೂ ಬಾಯಿಪಾಠ ಮಾಡಿಸಲಿಲ್ಲ. ಜಾರುಬಂಡೆಯ ಹತ್ತಿರ ತಪ್ಪು ತಪ್ಪಾಗಿ ಮಾತಾಡಿದಾಗ ಯಾರೂ ನಿಲ್ಲಿಸಿ ತಿದ್ದಲಿಲ್ಲ. ಎದುರಿನ ಮಗುವಿಗೂ ಚೆಂಡು ಬೇಕಿತ್ತು, ಇವಳಿಗೂ ಬೇಕಿತ್ತು. ಮಾತು ಬಂತು.

ಕನ್ನಡದಲ್ಲಿ ಅವಳಿಗೆ ಹಾಗೆ ಬೇಕಾದದ್ದು ಏನಿತ್ತು? ಏನೂ ಇರಲಿಲ್ಲ. ಅವಳು ಜರ್ಮನ್‌ನಲ್ಲಿ ಕೇಳಿದರೂ ನನ್ನಿಂದ ಹಾಲು ಸಿಗುತ್ತಿತ್ತು. ಕನ್ನಡದಲ್ಲಿ ಒಂದು ವಾಕ್ಯ ಹೇಳಿದರೆ ಮಾತ್ರ ನಾನು ನಡುವೆ ಬಾಯಿ ಹಾಕಿ "ಹಾಗಲ್ಲ, ಹೀಗೆ" ಅನ್ನುತ್ತಿದ್ದೆ. ಪ್ರತಿ ವಾಕ್ಯಕ್ಕೂ ಅಂಕ ಕೊಡುತ್ತಿದ್ದೆ, ಅದೂ ಕಡಿಮೆ ಅಂಕ.

ಇಂಗ್ಲಿಷ್ ಬಾರದ, ಇವಳ ಮಾತು ಕೇಳಲೇಬೇಕೆಂದು ಕಾದಿರುವ ಒಂದೇ ಜೀವ ನಮಗಿತ್ತು, ತಿಪಟೂರಿನಲ್ಲಿ. ಇಲ್ಲಿ ಮಂಗಳವಾರ, ಗುರುವಾರ ಮಧ್ಯಾಹ್ನ ಪ್ರಾಥಮಿಕ ಶಾಲೆ ಇರುವುದಿಲ್ಲ. ಎರಡೂವರೆಗೆ ಫೋನ್ ಮಗಳ ಕೈಗೆ ಕೊಟ್ಟು ನಾನು ಕೋಣೆಯಿಂದ ಹೊರಗೆ ಬರಲು ಶುರುಮಾಡಿದೆ. ಬೇಸಿಗೆಯಲ್ಲಿ ಅಲ್ಲಿಗೆ ಸಂಜೆ ಆರು, ಅಮ್ಮ ದೇವರಿಗೆ ದೀಪ ಹಚ್ಚಿ ಕೂತಿರುವ ಹೊತ್ತು. ಮೊದಲ ವಾರಗಳಲ್ಲಿ ಎರಡು ನಿಮಿಷಕ್ಕೇ ಫೋನ್ ವಾಪಸ್ ಬರುತ್ತಿತ್ತು. ಅಮ್ಮನಿಗೆ ಒಂದೇ ಮಾತು ಹೇಳಿದ್ದೆ: "ತಿದ್ದಬೇಡ, ನಗು ಬಂದ್ರೆ ನಕ್ಬಿಡು." ನನಗೂ ಅದೇ ನಿಯಮ ಹಾಕಿಕೊಂಡೆ. ಪಾಲಿಸುವುದು ಅಮ್ಮನಿಗೆ ಸುಲಭವಾಯಿತು, ನನಗೆ ಇವತ್ತಿಗೂ ಕಷ್ಟ.

ಸೆಪ್ಟೆಂಬರ್‌ನ ಒಂದು ಗುರುವಾರ. ನಾನು ಬಾಗಿಲಾಚೆ ಬಟ್ಟೆ ಮಡಚುತ್ತಿದ್ದೆ. ಒಳಗಿನಿಂದ ಮಗಳ ಕೂಗು ಕೇಳಿತು: "ಅಜ್ಜೀ, ನನ್ ಹಲ್ಲು ಬಿದ್ದ!"

ಜರ್ಮನ್‌ನಲ್ಲೂ ಲಕ್ಸೆಂಬರ್ಗಿಷ್‌ನಲ್ಲೂ ಹಲ್ಲು ಪುಲ್ಲಿಂಗ. ಅವಳು ಅದನ್ನು ಹಾಗೇ ಕನ್ನಡಕ್ಕೆ ತಂದಿದ್ದಳು. "ಬಿತ್ತು" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡೆ.

ಅತ್ತ ಕಡೆಯಿಂದ ಅಮ್ಮ, "ಅಯ್ಯೋ, ಎಲ್ಲಿ ಬಿದ್ನೇ ಅವ್ನು? ಪೆಟ್ಟಾಯ್ತಾ ಪಾಪ?" ಅಂದರು. ಇಬ್ಬರೂ ನಗಲು ಶುರುಮಾಡಿದರು. ಆಮೇಲೆ ಮಗಳು ಹಲ್ಲು ಎಲ್ಲಿ ಬಿತ್ತು, ಹೇಗೆ ಬಿತ್ತು, ಎಷ್ಟು ರಕ್ತ ಬಂತು ಎಲ್ಲ ಹೇಳಿದಳು. ಅರ್ಧ ಕನ್ನಡ, ಕಾಲು ಜರ್ಮನ್, ಉಳಿದದ್ದು ಕೈಸನ್ನೆ. ಹದಿನೆಂಟು ನಿಮಿಷ.

ಯಾವ ಸ್ಪರ್ಧೆಯಲ್ಲೂ ಆ ಕನ್ನಡಕ್ಕೆ ಒಂದಕ್ಕಿಂತ ಹೆಚ್ಚು ಅಂಕ ಬರುವುದಿಲ್ಲ. ಆದರೆ ಆ ಒಂದು ಅಂಕ ಪೂರ್ತಿ ಅವಳದು. ನಿಮ್ಮ ಮನೆಯಲ್ಲೂ ಅಂಥ ಒಂದು ಅಂಕ ಬಿದ್ದಿರಬಹುದು. ತಿದ್ದುವ ಮೊದಲು ಒಂದು ಸಲ ಎಣಿಸಿಕೊಳ್ಳಿ.