ಅಂಟು ತಾಗುವ ಮುಂಚೆ

ಪುಟ್ಟ ಮಾದರಿ ಕಾರಿನ ಕಿಟ್ಟೊಂದನ್ನು ಕತ್ತರಿಸಿ ಜೋಡಿಸಲು ಕೂರುವ ಮುಂಚೆ ಅದನ್ನು ನಿಧಾನವಾಗಿ ನೋಡಬೇಕು. ನೋಡುವುದೆಂದರೆ ತುಂಡುಗಳನ್ನು ಎಣಿಸಿ ಲೆಕ್ಕ ಸರಿಯಿದೆ ಎನ್ನುವುದಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು, ತಿರುವಿ, ಉಗುರಿನಿಂದ ಅಂಚು ತಡವಿ, ಅದು ಯಾವ ತುಂಡಿನ ಪಕ್ಕ ಕೂರುತ್ತದೆಂದು ಹುಡುಕಿ, ಮತ್ತೆ ಇದ್ದಲ್ಲೇ ಇಡುವುದು. ಒಮ್ಮೆ ಅಂಟು ತಾಗಿತೆಂದರೆ ಕಾರಿನ ಒಳಗು ಮುಚ್ಚಿಹೋಯಿತು. ಸೀಟಿನ ಬೆನ್ನು, ಬಾಗಿಲಿನ ಒಳಮೈ, ಡ್ಯಾಶ್‌ಬೋರ್ಡಿನ ಹಿಂಬದಿ, ಇವನ್ನೆಲ್ಲ ಆಮೇಲೆ ಯಾರೂ ನೋಡುವುದಿಲ್ಲ. ಹಾಗಾಗಿ ಜೋಡಿಸುವುದಕ್ಕೆ ಮುಂಚಿನ ಸಂಜೆಗಳು ನನಗೆ ಬಹಳ ಪ್ರಿಯ. ಕಾರು ಪೂರ್ತಿಯಾಗಿ ಕಣ್ಣಿಗೆ ಬೀಳುವುದು ಆಗಲೇ.

ಈಗ ಮೇಜಿನ ಮೇಲಿರುವುದು ಟ್ರಯಂಫ್ ಹೆರಾಲ್ಡ್. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1960ರ ದಶಕದ ಆರಂಭದಲ್ಲಿ ಹೊರತಂದ 1/32 ಅಳತೆಯ ಪ್ಲಾಸ್ಟಿಕ್ ಕಿಟ್ಟು. ನನ್ನ ಗೆಳೆಯನ ದೊಡ್ಡಪ್ಪ ಕವೆಂಟ್ರಿಯಲ್ಲಿ ಕೆಲವು ವರ್ಷ ಕೆಲಸ ಮಾಡಿ ಊರಿಗೆ ವಾಪಸಾದವರು. ಅವರ ಟ್ರಂಕಿನಲ್ಲಿ, ಉಣ್ಣೆಯ ಸ್ವೆಟರುಗಳ ಮಡಿಕೆಯೊಳಗೆ ಇದು ಉಳಿದುಕೊಂಡಿತ್ತು. ನಮ್ಮ ದೊಡ್ಡಬಳ್ಳಾಪುರದಲ್ಲಿದ್ದ ಅವರ ಹಳೇ ಮನೆ ಕೆಡವುವಾಗ ಟ್ರಂಕು ಹೊರಗೆ ಬಂತು. ನನ್ನ ಹವ್ಯಾಸ ಗೊತ್ತಿದ್ದ ಗೆಳೆಯ ತಂದು ಕೈಗಿಟ್ಟ.

ಡಬ್ಬಿಯಿಲ್ಲ. ತೆಳುವಾದ ಪ್ಲಾಸ್ಟಿಕ್ ಚೀಲ, ಅದರ ನೆತ್ತಿಗೆ ಮಡಿಸಿ ಪಿನ್ನು ಹೊಡೆದ ಬಣ್ಣದ ಕಾಗದ. ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆ ಬಿಟ್ಟಿದೆ. ಅದನ್ನು ಎಳೆದು ತೆಗೆಯಲಿಲ್ಲ. ಚಿಮುಟದಿಂದ ಒಂದೊಂದು ಕಾಲನ್ನೇ ಎತ್ತಿ ಬಿಡಿಸಿದೆ. ಕಾಗದ ಬಿಚ್ಚಿದರೆ ಒಳಮೈಯಲ್ಲೇ ಜೋಡಿಸುವ ಕ್ರಮ ಅಚ್ಚಾಗಿದೆ. ಈಗಿನ ಕಿಟ್ಟುಗಳಲ್ಲಿ ಬರೀ ಚಿತ್ರ, ಬಾಣ ಮತ್ತು ಅಂಕಿ. ಆ ಕಾಲದ ಏರ್‌ಫಿಕ್ಸ್ ಹಾಳೆಗಳಲ್ಲಿ ಪ್ರತಿ ತುಂಡಿಗೂ ಹೆಸರಿತ್ತು, ಪ್ರತಿ ಹೆಜ್ಜೆಗೂ ಪೂರ್ತಿ ವಾಕ್ಯವಿತ್ತು. ಚಿಕ್ಕ ಹುಡುಗನೊಬ್ಬ ಓದಿ ಅರ್ಥ ಮಾಡಿಕೊಳ್ಳುತ್ತಾನೆಂದು ನಂಬಿ ಯಾರೋ ಕುಳಿತು ಬರೆದಿದ್ದಾರೆ. ಆ ನಂಬಿಕೆ ನನಗೆ ದೊಡ್ಡದಾಗಿ ಕಾಣುತ್ತದೆ.

ಏರ್‌ಫಿಕ್ಸ್‌ನ ಕಥೆಯೂ ಸ್ವಾರಸ್ಯದ್ದೇ. ಹಂಗೆರಿಯಿಂದ ಬಂದ ನಿಕೊಲಸ್ ಕೋವ್ ಎಂಬಾತ 1939ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಕಂಪನಿ. ಮೊದಲು ಮಾಡುತ್ತಿದ್ದದ್ದು ಗಾಳಿ ತುಂಬಿದ ರಬ್ಬರ್ ಆಟಿಕೆ, ಆಮೇಲೆ ಬಾಚಣಿಗೆ. ಬಾಚಣಿಗೆ ತೆಗೆಯುವ ಅದೇ ಬಗೆಯ ಯಂತ್ರದಲ್ಲಿ 1949ರಲ್ಲಿ ಫರ್ಗ್ಯೂಸನ್ ಟ್ರ್ಯಾಕ್ಟರಿನ ಪುಟ್ಟ ಮಾದರಿ ತೆಗೆದರು. ಟ್ರ್ಯಾಕ್ಟರ್ ಮಾರುವವರು ಗಿರಾಕಿಗಳಿಗೆ ತೋರಿಸಲೆಂದು ಮಾಡಿದ್ದು ಅದು. 1952ರಲ್ಲಿ ‘ಗೋಲ್ಡನ್ ಹೈಂಡ್’ ಹಡಗಿನ ಕಿಟ್ಟನ್ನು ಚೀಲಕ್ಕೆ ಹಾಕಿ, ಕಾಗದ ಮಡಿಸಿ, ವುಲ್‌ವರ್ತ್ ಅಂಗಡಿಗಳಲ್ಲಿ ಎರಡು ಶಿಲಿಂಗಿಗೆ ಮಾರಿದರು. ನನ್ನ ಹೆರಾಲ್ಡಿನ ಚೀಲ ಅದೇ ವಂಶದ್ದು.

ಇನ್ನು ತುಂಡುಗಳು. ಕರಗಿದ ಪ್ಲಾಸ್ಟಿಕ್ಕು ಹರಿದು ಬಂದ ಕಾಲುವೆಗಳೇ ಗಟ್ಟಿಯಾಗಿ ಚೌಕಟ್ಟಾಗಿವೆ. ಆ ಚೌಕಟ್ಟಿನಲ್ಲಿ ಬಂಪರು, ಸೀಟು, ಸ್ಟೇರಿಂಗು, ಚಕ್ರ ಎಲ್ಲ ಸಣ್ಣ ತೊಟ್ಟಿನಲ್ಲಿ ಅಂಟಿಕೊಂಡಿವೆ. ಕೆಲವು ತುಂಡುಗಳು ತೊಟ್ಟು ಮುರಿದು ಚೀಲದ ತಳ ಸೇರಿದ್ದವು. ಎಲ್ಲವನ್ನೂ ಬಿಳಿ ಪಂಚೆಯ ಮೇಲೆ ಹರಡಿ ಹಾಳೆಯೊಂದಿಗೆ ಹೋಲಿಸಿದೆ, ಯಾವುದೂ ಕಳೆದಿಲ್ಲ. ಹಳೆಯ ಪಾಲಿಸ್ಟೈರೀನ್ ಕೆಲವೊಮ್ಮೆ ಬಿರುಸಾಗಿ, ಬಗ್ಗಿಸಿದರೆ ಟಕ್ಕೆಂದು ಮುರಿಯುತ್ತದೆ. ಚೌಕಟ್ಟಿನ ತುದಿಯನ್ನು ಮೆಲ್ಲಗೆ ಬಗ್ಗಿಸಿ ನೋಡಿದೆ, ಇನ್ನೂ ಬಳುಕುತ್ತದೆ. ದೊಡ್ಡಬಳ್ಳಾಪುರದ ಹವೆಗೆ ಅದರ ಪುಣ್ಯ ಸಲ್ಲಬೇಕು. ಬಿರುಬಿಸಿಲ ಊರಿನಲ್ಲಿ ತಗಡಿನ ಚಾವಣಿಯ ಕೆಳಗಿದ್ದಿದ್ದರೆ ಇಷ್ಟು ಹೊತ್ತಿಗೆ ಅಡಿಭಾಗ ಸೊಟ್ಟಗಾಗಿರುತ್ತಿತ್ತು.

ದೋಷಗಳಿಲ್ಲವೆಂದಲ್ಲ. ಅಚ್ಚಿನ ಎರಡು ಹೋಳುಗಳು ಕೂಡುವ ಕಡೆ ಪ್ಲಾಸ್ಟಿಕ್ಕು ಹೊರಕ್ಕೆ ಸೋರಿ, ದೋಸೆಯ ಅಂಚಿನ ಗರಿಯಂತೆ ತೆಳ್ಳಗೆ ನಿಂತಿದೆ. ಬಂಪರಿನ ಉದ್ದಕ್ಕೂ ಒಂದು ಗೆರೆ ಎದ್ದಿದೆ. ಅದನ್ನು ಹೆರೆದು ನಯ ಮಾಡದೆ ಬೆಳ್ಳಿ ಬಣ್ಣ ಹಚ್ಚಿದರೆ ಗೆರೆಯೇ ಎದ್ದು ಕಾಣುತ್ತದೆ. ದಪ್ಪನೆಯ ತುಂಡುಗಳ ಬೆನ್ನಲ್ಲಿ, ಪ್ಲಾಸ್ಟಿಕ್ಕು ತಣಿಯುವಾಗ ಒಳಕ್ಕೆ ಕುಸಿದ ಸಣ್ಣ ಗುಳಿಗಳಿವೆ. ಎಲ್ಲಕ್ಕಿಂತ ಮನಸ್ಸಿಗೆ ಕಷ್ಟವಾದದ್ದು ಗಾಜು. ಪಾರದರ್ಶಕ ತುಂಡುಗಳನ್ನು ಬೇರೆ ಸುತ್ತದೆ ಒಂದೇ ಚೀಲಕ್ಕೆ ಹಾಕಿದ್ದರಿಂದ ಮುಂದಿನ ಗಾಜಿನ ಮೇಲೆ ಗೀರುಗಳು ಬಿದ್ದಿವೆ. ನುಣುಪಾದ ಮರಳುಕಾಗದದಲ್ಲಿ ನೀರು ಹಾಕಿ ಉಜ್ಜಿ, ಕೊನೆಗೆ ಪಾಲಿಶ್ ಹಚ್ಚಿ ಒರೆಸಿದರೆ ಬಹುಪಾಲು ಹೋಗುತ್ತವೆ. ಹೋಗದೆ ಉಳಿದದ್ದು ಉಳಿಯಲಿ.

ಇವಿಷ್ಟನ್ನು ಬಿಟ್ಟರೆ ಕೆತ್ತನೆಯ ಕೈ ಒಳ್ಳೆಯದು. ಕಾರಿನ ನಿಜವಾದ ಉದ್ದ 12 ಅಡಿ 9 ಇಂಚು. 32ರಿಂದ ಭಾಗಿಸಿದರೆ 12 ಸೆಂಟಿಮೀಟರಿಗೆ ಚೂರು ಹೆಚ್ಚು. ಸ್ಕೇಲು ಇಟ್ಟೆ, ಸರಿಯಾಗಿ ಬಂತು. ಅಗಲವೂ ಸರಿ. ಆದರೆ ಅಳತೆ ಸರಿಯಿದ್ದ ಮಾತ್ರಕ್ಕೆ ಮುಖ ಬರುವುದಿಲ್ಲ. ಹೆರಾಲ್ಡಿನ ಮುಖವಿರುವುದು ದೀಪಗಳ ಮೇಲೆ ಹುಬ್ಬಿನಂತೆ ಮುಂದೆ ಬಂದ ತಗಡಿನಲ್ಲಿ, ಹಿಂದಕ್ಕೆ ಚೂಪಾಗಿ ಏರಿದ ಮೂಲೆಗಳಲ್ಲಿ. ಅದನ್ನು ಬರೆದವರು ಇಟಲಿಯ ಟ್ಯೂರಿನ್ನಿನ ಜೊವಾನಿ ಮಿಕೆಲೊಟ್ಟಿ. ಕಿಟ್ಟಿನ ಅಚ್ಚು ಕೆತ್ತಿದ ಕುಶಲಿ ಮಿಕೆಲೊಟ್ಟಿಯ ಆ ಗೆರೆಯನ್ನು ಹಿಡಿದಿದ್ದಾರೆ. ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದಾಗ ಹುಬ್ಬಿನ ಕೆಳಗೆ ನೆರಳು ಬಿತ್ತು, ಕಾರಿನ ಗುರುತು ಸಿಕ್ಕಿತು.

ಇದೇ ಕಾರಿನ ಕಿಟ್ಟು ನನ್ನನ್ನು ಇಷ್ಟು ಹಿಡಿದಿಡಲು ಬೇರೊಂದು ಕಾರಣವಿದೆ. ಹೆರಾಲ್ಡ್ ಹುಟ್ಟಿದ್ದೇ ಕಿಟ್ಟಾಗಿ. 1950ರ ದಶಕದಲ್ಲಿ ಕವೆಂಟ್ರಿಯ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಕಾರಿನ ಬಾಡಿ ಮಾಡಿಕೊಡುತ್ತಿದ್ದ ಫಿಶರ್ ಆ್ಯಂಡ್ ಲಡ್ಲೊ ಕಾರ್ಖಾನೆಯನ್ನು ಎದುರಾಳಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಕೊಂಡುಬಿಟ್ಟಿತು. ಇಡೀ ಬಾಡಿಯನ್ನು ಒಂದೇ ಕಡೆ ಮಾಡಿಸುವ ದಾರಿ ಮುಚ್ಚಿತು. ಬೇರೆ ಕಂಪನಿಗಳೆಲ್ಲ ಚಾಸಿಯನ್ನು ಕೈಬಿಟ್ಟು, ಬಾಡಿಯನ್ನೇ ಬೆನ್ನೆಲುಬು ಮಾಡಿಕೊಳ್ಳುತ್ತಿದ್ದ ಕಾಲದಲ್ಲಿ ಇವರು ಪ್ರತ್ಯೇಕ ಚಾಸಿಗೆ ಮರಳಿದರು. ಬಾಡಿಯನ್ನು ಹಲವು ಭಾಗ ಮಾಡಿ, ಬೇರೆ ಬೇರೆ ಕಡೆ ಒತ್ತಿಸಿ ತಂದು, ಚಾಸಿಯ ಮೇಲಿಟ್ಟು ಬೋಲ್ಟು ಬಿಗಿದರು. 1959ರ ಏಪ್ರಿಲ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕಾರನ್ನು ಜನರ ಮುಂದಿಟ್ಟಾಗ, ಬಿಡಿಭಾಗಗಳನ್ನು ವೇದಿಕೆಗೆ ತಂದು ಕೆಲವೇ ನಿಮಿಷಗಳಲ್ಲಿ ಕಣ್ಣೆದುರೇ ಜೋಡಿಸಿ ತೋರಿಸಿದರು. ಕೊರತೆಯೊಂದನ್ನು ಮುಚ್ಚಿಡದೆ, ಅದನ್ನೇ ಕಾರಿನ ಗುಣವನ್ನಾಗಿ ಮಾಡಿಕೊಂಡ ಆ ಎಂಜಿನಿಯರುಗಳ ಮೇಲೆ ನನಗೆ ಗೌರವ.

ಬಿಡಿಯಾಗಿ ಹುಟ್ಟಿದ ಕಾರು ಬಿಡಿಯಾಗಿಯೇ ಹಡಗು ಹತ್ತಿತು. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ಅದನ್ನು ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಎಂಬ ಹೆಸರಿನಲ್ಲಿ ಮಾರಿತು. ವರ್ಷಗಳು ಹೋದಂತೆ ಹೊರಗಿನಿಂದ ಬರುವ ಭಾಗ ಕಡಿಮೆಯಾಗಿ ಇಲ್ಲಿ ಮಾಡಿದ್ದು ಹೆಚ್ಚಾಯಿತು. ಕೊನೆಗೆ 1968ರಲ್ಲಿ, ಇಂಗ್ಲೆಂಡಿನವರೂ ಮಾಡದಿದ್ದ ನಾಲ್ಕು ಬಾಗಿಲಿನ ಹೆರಾಲ್ಡನ್ನು ಮದರಾಸಿನವರು ಮಾಡಿದರು. ಅಂಬಾಸಿಡರ್, ಫಿಯೆಟ್, ಹೆರಾಲ್ಡ್. ಆ ಕಾಲದಲ್ಲಿ ನಮ್ಮ ಕಡೆ ಕಾರು ಎಂದರೆ ಹೆಚ್ಚುಕಡಿಮೆ ಈ ಮೂರೇ.

ನಮ್ಮೂರಿನ ಡಾಕ್ಟರೊಬ್ಬರ ಹತ್ತಿರ ಹೆರಾಲ್ಡ್ ಇತ್ತು. ಬೆಳಿಗ್ಗೆ ಅದು ಸ್ಟಾರ್ಟಾಗದೆ ನಿಂತ ದಿನ ಶಾಲೆಗೆ ಹೊರಟ ನಮಗೆ ಹಬ್ಬ. ಬೇರೆ ಕಾರುಗಳ ಬಾನೆಟ್ ಎತ್ತಿದರೆ ಎಂಜಿನ್ನಿನ ನೆತ್ತಿ ಮಾತ್ರ ಕಾಣುತ್ತದೆ. ಹೆರಾಲ್ಡಿನ ಬಾನೆಟ್ಟು, ಎರಡೂ ಮಡ್‌ಗಾರ್ಡು, ದೀಪ ಎಲ್ಲ ಒಂದೇ ತುಂಡು. ಇಡೀ ಮುಂಭಾಗ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಮುಂದಿನ ಚಕ್ರ, ಸ್ಪ್ರಿಂಗು, ಸ್ಟೇರಿಂಗಿನ ಸರಳು, ರೇಡಿಯೇಟರು ಎಲ್ಲ ಬಟಾಬಯಲು. ಮೆಕ್ಯಾನಿಕ್ಕು ಟೈರಿನ ಮೇಲೆಯೇ ಕುಳಿತು ಪ್ಲಗ್ಗು ಬಿಚ್ಚುತ್ತಿದ್ದ. ಸ್ಟೇರಿಂಗು ತಿರುಗಿಸಿದರೆ ಚಕ್ರ ಹೇಗೆ ತಿರುಗುತ್ತದೆಂದು ನಾನು ಮೊದಲು ಕಂಡದ್ದು ಅಲ್ಲಿ. ಆ ಚಕ್ರಗಳು ತಿರುಗುವುದೂ ಎಷ್ಟೆಂದೀರಿ! ಇಪ್ಪತ್ತೈದು ಅಡಿ ಜಾಗದಲ್ಲಿ ಕಾರು ಪೂರ್ತಿ ಸುತ್ತು ಹೊಡೆಯುತ್ತಿತ್ತು. ಮಗ್ಗದ ಬೀದಿಯ ಇಕ್ಕಟ್ಟಿನಲ್ಲಿ ಡಾಕ್ಟರು ರಿವರ್ಸ್ ಹಾಕದೆ ತಿರುಗಿಸಿಕೊಂಡು ಹೋಗುವುದನ್ನು ಜನ ನಿಂತು ನೋಡುತ್ತಿದ್ದರು. 1/32ರ ಲೆಕ್ಕದಲ್ಲಿ ಆ ಸುತ್ತು 24 ಸೆಂಟಿಮೀಟರು, ಊಟದ ತಟ್ಟೆಯೊಳಗೇ ಮುಗಿಯುತ್ತದೆ.

ಕಾರು ಪೂರ್ತಿಯಾಗಿ ಇಲ್ಲೇ, ಮೈಸೂರು ಸೀಮೆಯಲ್ಲೇ ಹುಟ್ಟಬೇಕೆಂದು ಕನಸು ಕಂಡವರ ಊರು ನಮ್ಮಿಂದ ದೂರವೇನಿಲ್ಲ. ನಂದಿ ಬೆಟ್ಟದ ಆಚೆಯ ಮುದ್ದೇನಹಳ್ಳಿ. ಸರ್ ಎಂ. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ಮೇಲೆ, 1935ರಲ್ಲಿ, ಯುರೋಪು ಮತ್ತು ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಪಡಿಸಿದರು. ಕೈಗಾರಿಕೋದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೆ ನಿಂತರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗದೆ ಬೆಂಗಳೂರಿನ ಕಾರು ಕಾರ್ಖಾನೆ ಕಾಗದದಲ್ಲೇ ಉಳಿಯಿತು. ಅದರ ಬದಲು ಅದೇ ವಾಲ್‌ಚಂದ್ ಮೈಸೂರು ಸರ್ಕಾರದೊಂದಿಗೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. 1941ರಲ್ಲಿ ಅಲ್ಲಿಂದ ಮೊದಲು ಹಾರಿದ ಹಾರ್ಲೊ ವಿಮಾನವೂ ಅಮೆರಿಕದಿಂದ ಬಂದ ಭಾಗಗಳನ್ನು ಜೋಡಿಸಿದ್ದೇ. ಈಚಿನ ಮಾತಾದರೆ, ಹೊಸಕೋಟೆಯಲ್ಲಿ 1998ರಿಂದ ವೋಲ್ವೊ ಲಾರಿಗಳು ತಯಾರಾಗುತ್ತಿವೆ. ಅಲ್ಲೂ ಆರಂಭ ಸ್ವೀಡನ್ನಿನ ಬಿಡಿಭಾಗಗಳಿಂದಲೇ. ಜೋಡಿಸುವುದನ್ನು ಕಡಿಮೆ ಕೆಲಸವೆಂದು ಹೇಳುವವರನ್ನು ಕಂಡರೆ ನನಗೆ ಬೇಸರ. ಒಂದು ವಸ್ತುವನ್ನು ಇನ್ನೊಬ್ಬರು ಹೇಗೆ ಯೋಚಿಸಿ ಮಾಡಿದ್ದಾರೆಂದು ಕೈಯಿಂದ ಓದುವ ದಾರಿ ಅದು. ಓದಿದವರೇ ಮುಂದೆ ನಾಲ್ಕು ಬಾಗಿಲು ಕೂರಿಸಿದ್ದು.

ಪಕ್ಕದ ಮನೆಯ ಮಗ್ಗದ ಯಜಮಾನರು ಸಂಜೆ ಕಾಫಿಗೆ ಬಂದವರು ಪಂಚೆಯ ಮೇಲೆ ಹರಡಿದ್ದನ್ನೆಲ್ಲ ನೋಡಿದರು.

“ಏನ್ ಮೇಷ್ಟ್ರೇ, ಇನ್ನೂ ಜೋಡಿಸ್ಲಿಲ್ವಾ?”

“ಇಲ್ಲ ಯಜಮಾನ್ರೇ, ನೋಡ್ತಾ ಇದೀನಿ.”

ಅವರು ಮುಂದೆ ಕೇಳಲಿಲ್ಲ. ಬಾಡಿಯ ತುಂಡನ್ನು ಕೈಗೆತ್ತಿಕೊಂಡು, ಸೀರೆಯ ಅಂಚು ನೋಡುವ ಹಾಗೆ ಹೆಬ್ಬೆರಳನ್ನು ಮೆಲ್ಲಗೆ ಎಳೆದರು. ಬಾಗಿಲಿನ ಕೆಳಗೆ ಒಂದು ಕಡೆ ಬೆರಳು ನಿಂತಿತು. “ಇಲ್ಲಿ ಏನೋ ಇಳ್ದೈತೆ ನೋಡಿ.” ಕನ್ನಡಕ ಹಾಕಿಕೊಂಡು ನೋಡಿದರೆ ಹೌದು, ಕೂದಲೆಳೆಯಷ್ಟು ಕುಸಿತ. ನನ್ನ ಕಣ್ಣಿಗೆ ಬೀಳದ್ದು ರೇಷ್ಮೆಯಲ್ಲಿ ಬೆಳೆದ ಬೆರಳಿಗೆ ಸಿಕ್ಕಿತ್ತು. ಬಣ್ಣದ ವಿಷಯದಲ್ಲೂ ಅವರ ಮಾತು ಬೆಲೆಬಾಳುವಂಥದು. ಮಗ್ಗ ಓಡುವಾಗ ಬೀದಿಯ ಗಾಳಿಯಲ್ಲೆಲ್ಲ ನೂಲಿನ ಧೂಳಿರುತ್ತದೆ, ಹಸಿ ಬಣ್ಣದ ಮೇಲೆ ಕೂತರೆ ತೆಗೆಯಲಾಗದು. “ಕರೆಂಟ್ ತೆಗ್ಯೋ ದಿನ ಹೊಡ್ಕೊಳಿ, ನಾನೇ ಹೇಳ್ತೀನಿ” ಎಂದರು.

ಉಳಿದದ್ದು ಒಂದೇ ತೀರ್ಮಾನ. ಕಿಟ್ಟಿನಲ್ಲಿರುವುದು ಎರಡು ಬಾಗಿಲಿನ ಹೆರಾಲ್ಡ್. ಬಾಗಿಲಿನ ಗೆರೆಗೆ ಪುಟ್ಟಿ ತುಂಬಿ, ಹೊಸ ಗೆರೆ ಕೊರೆದು, ನಡುವೆ ಕಂಬ ನಿಲ್ಲಿಸಿ, ಗಾಜು ಕತ್ತರಿಸಿದರೆ ಮದರಾಸಿನ ನಾಲ್ಕು ಬಾಗಿಲಿನದನ್ನು ಮಾಡಬಹುದು. ಆಸೆಯೂ ಇತ್ತು. ಆದರೆ ತುಂಡುಗಳನ್ನು ಇಷ್ಟು ದಿನ ನೋಡಿದ ಮೇಲೆ ಆ ಕುಶಲಿಯ ಗೆರೆಯ ಮೇಲೆ ನನ್ನ ಗರಗಸ ಹಾಕಲು ಮನಸ್ಸಾಗುತ್ತಿಲ್ಲ. 1968ಕ್ಕೆ ಮುಂಚೆ ನಮ್ಮಲ್ಲಿ ಓಡಿದ್ದೂ ಎರಡು ಬಾಗಿಲಿನದೇ. ಇಂಗ್ಲೆಂಡಿನ ಕಾರಾದ್ದರಿಂದ ಸ್ಟೇರಿಂಗು ಬಲಕ್ಕೇ ಇದೆ. ಅಮೆರಿಕದ ಕಿಟ್ಟುಗಳಲ್ಲಿ ಮಾಡುವ ಹಾಗೆ ಡ್ಯಾಶ್‌ಬೋರ್ಡನ್ನು ಕತ್ತರಿಸಿ ಬದಲಿಸುವ ಕೆಲಸವಿಲ್ಲ. ನಂಬರ್ ಪ್ಲೇಟು ಮಾತ್ರ ನಾನೇ ಬರೆಯಬೇಕು. ಮೈಸೂರು ರಾಜ್ಯದ ದಿನಗಳ ‘ಎಂವೈ’ ಅಕ್ಷರಗಳಿಂದ ಶುರುವಾಗುವಂಥದು, ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರ.

ತುಂಡುಗಳನ್ನು ಸೋಪಿನ ನೀರಿನಲ್ಲಿ ತೊಳೆದು ಅಚ್ಚಿನ ಎಣ್ಣೆ ತೆಗೆದು ಒಣಗಲು ಹಾಕಿದ್ದೇನೆ. ಕಾಗದದ ಪಿನ್ನಿನ ಕಲೆಯನ್ನು ಹಾಗೇ ಬಿಟ್ಟು, ಹಾಳೆಯನ್ನು ಫೋಲ್ಡರಿಗೆ ಸೇರಿಸಿದ್ದೇನೆ. ಹಾಳೆ ಯಾವ ಕ್ರಮ ಹೇಳಿದರೂ ನಾನು ಕವೆಂಟ್ರಿಯವರ ಕ್ರಮದಲ್ಲೇ ಹೋಗುವವನು: ಮೊದಲು ಅಡಿಭಾಗ ಮತ್ತು ಚಕ್ರ, ಅವು ನಾಲ್ಕೂ ನೆಲ ಮುಟ್ಟಿ ನಿಂತ ಮೇಲೆ ಬಾಡಿ, ಎಲ್ಲಕ್ಕಿಂತ ಕೊನೆಗೆ ಬಾನೆಟ್ಟು.