ಪಂಕ್ತಿಯಿಂದ ಕೋಷ್ಠಕಕ್ಕೆ

ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನೊಬ್ಬನು ಗಣಕಯಂತ್ರದ ವಿಷಯವಾಗಿ ಬರೆಯಹೊರಟರೆ ವಾಚಕಮಹಾಶಯರು ಹುಬ್ಬೇರಿಸುವುದು ಸಹಜವೇ. ಆದರೆ ಛಂದಸ್ಸನ್ನು ಬಲ್ಲವರಿಗೆ ಈ ವಿಷಯವು ಅಷ್ಟೊಂದು ಪರಕೀಯವಾದುದಲ್ಲ. ಗುಬ್ಬಿಯಲ್ಲಿ ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಮಕ್ಕಳು ತಾವೇ ಕಟ್ಟಿದ ಭಾಮಿನೀ ಷಟ್ಪದಿಗಳನ್ನು ನಾಲ್ಕು ನೋಟುಪುಸ್ತಕಗಳಲ್ಲಿ ಬರೆಯಿಸಿ ಪ್ರಸ್ತಾರ ಹಾಕಿಸಿದ್ದೆನು. ಅವುಗಳಲ್ಲಿ ಆಯ್ದವನ್ನು ಅಚ್ಚು ಹಾಕಿಸಬೇಕೆಂಬುದು ಮಿತ್ರರ ಇಚ್ಛೆ. ಮಾತ್ರೆ ಕೆಟ್ಟ ಪದ್ಯಗಳನ್ನು ಮೊದಲು ಬೇರ್ಪಡಿಸಬೇಕು. ನನ್ನ ಕಣ್ಣೋ ಮಂಜಾಗಿದೆ. ಕುಣಿಗಲಿನಿಂದ ದಿನವೂ ಬಸ್ಸಿನಲ್ಲಿ ತುಮಕೂರಿಗೆ ಬಂದು ಇಂಜಿನಿಯರಿಂಗ್ ಓದುವ ಹುಡುಗನೊಬ್ಬನು ಆ ಕೆಲಸವನ್ನು ಯಂತ್ರದಿಂದ ಮಾಡಿಸಿಕೊಡುವೆನೆಂದು ಮುಂದೆ ಬಂದನು.

ಅವನು ಬಳಸುವುದು 1991ರಲ್ಲಿ ಹೊರಬಂದ ಪೈಥಾನ್ ಎಂಬ ಗಣಕಭಾಷೆ. ಅದರಲ್ಲಿ ಲಿಸ್ಟ್ ಎಂಬುದೊಂದುಂಟು. ಅದು ನಮ್ಮ ಎಲೆಯಡಕೆಯ ಸಂಚಿಯಂತೆ: ಎಲೆಯನ್ನು ಹಾಕಿ, ಅಡಕೆಯನ್ನು ಹಾಕಿ, ಸುಣ್ಣದ ಡಬ್ಬಿಯ ಜೊತೆಗೆ ನಾಲ್ಕು ಚಿಲ್ಲರೆ ಕಾಸನ್ನೂ ಹಾಕಿ, ಅದು ಬೇಡವೆನ್ನದು. ಲೆಕ್ಕದ ಕೆಲಸಕ್ಕೆ ಮಾತ್ರ ಅದು ನಿಧಾನ. ಅದಕ್ಕಾಗಿ ನಮ್‌ಪೈ ಎಂಬ ಉಪಕರಣದಲ್ಲಿ ಅರೇ ಎಂಬ ಕೋಷ್ಠಕವಿದೆ. ಇದು ಗುಬ್ಬಿಯ ಕಡೆಯ ತೆಂಗಿನ ತೋಟದಂತೆ. ಮೊದಲ ಮರವೆಲ್ಲಿ, ಮರಮರಕ್ಕೆ ಅಂತರವೆಷ್ಟು ಎಂಬುದು ತಿಳಿದರೆ ಮೂವತ್ತನೆಯ ಮರವನ್ನು ಹುಡುಕಬೇಕಾದುದಿಲ್ಲ, ಗುಣಿಸಿದರೆ ಸಾಕು. ಆದರೆ ಸಾಲುಗಳೆಲ್ಲ ಸಮನಾಗಿರಬೇಕು, ಎಲ್ಲವೂ ಒಂದೇ ಜಾತಿಯದಾಗಿರಬೇಕು.

ತೊಡಕು ಇಲ್ಲಿಯೇ. ಅಕ್ಷರವೃತ್ತಗಳಾಗಿದ್ದರೆ ಚಿಂತೆಯಿರಲಿಲ್ಲ, ಎಂಟಕ್ಷರದ ಪಾದದ ಪ್ರಸ್ತಾರವು 256 ಸಾಲು, 8 ಮನೆ, ಅಚ್ಚುಕಟ್ಟಾದ ಚೌಕ. ನಮ್ಮ ಷಟ್ಪದಿಯು ಮಾತ್ರೆಯದು. ನಾಲ್ಕು ಮಾತ್ರೆಯ ಗಣವು ಐದು ಬಗೆಯಾಗಿ ಬರುವುದು: ಎರಡು ಗುರುವಾದರೆ ಎರಡೇ ಅಕ್ಷರ, ಒಂದು ಗುರು ಎರಡು ಲಘುವಾದರೆ ಮೂರು, ಎಲ್ಲವೂ ಲಘುವಾದರೆ ನಾಲ್ಕು. ಮಾತ್ರೆ ಸಮ, ಅಕ್ಷರ ವಿಷಮ. “ಮೇಷ್ಟ್ರೇ, ಸಾಲುಗಳು ಒಂದೇ ಉದ್ದವಿಲ್ಲವೆಂದು ನಮ್‌ಪೈ ಒಪ್ಪುತ್ತಿಲ್ಲ” ಎಂದನು ಹುಡುಗ. ಹಿಂದೆ ಹೀಗೆ ನಿರಾಕರಿಸುತ್ತಿರಲಿಲ್ಲವಂತೆ. ಸಂಚಿಗಳನ್ನೇ ಸಾಲಾಗಿಟ್ಟು ಅದನ್ನೇ ಅರೇ ಎನ್ನುತ್ತಿತ್ತಂತೆ. 2022ರ ಡಿಸೆಂಬರಿನಲ್ಲಿ ಬಂದ 1.24ನೆಯ ಆವೃತ್ತಿಯಿಂದೀಚೆಗೆ ತಪ್ಪೆಂದು ನಿಲ್ಲಿಸುವುದು. ಹೀಗೆ ನಿಲ್ಲಿಸುವುದೇ ಮೇಲೆಂದು ನನ್ನ ಮತ.

ಹುಡುಗನು ಮೊದಲು ಎಲ್ಲ ಗಣಗಳನ್ನೂ ಎರಡು ಮನೆಗೆ ಕತ್ತರಿಸಿದನು. ನಾಲ್ಕು ಮಾತ್ರೆಯವುಗಳಲ್ಲಿ ಗುರುದ್ವಯವೊಂದು ಉಳಿದು ಮಿಕ್ಕ ನಾಲ್ಕೂ ಮಾತ್ರಾಹೀನವಾದುವು. ಬಳಿಕ ಉದ್ದ ಸಾಲದ ಕಡೆ ಸೊನ್ನೆಗಳನ್ನು ತುಂಬಿದನು. ಅವನು ಲಘುವಿಗೆ 0, ಗುರುವಿಗೆ 1 ಎಂದು ಸಂಕೇತವಿಟ್ಟಿದ್ದನು. ಆದುದರಿಂದ ತುಂಬಿದ ಸೊನ್ನೆಯೂ ಲಘುವಾಗಿ, ಗುರುದ್ವಯಕ್ಕೆ ಆರು ಮಾತ್ರೆ ಬಂದಿತು. ಈಗ ಸರ್ವಲಘುವೊಂದೇ ಸರಿ. ಎರಡು ಸಲವೂ ಯಂತ್ರವು ಒಂದು ಮಾತನ್ನೂ ಆಡಲಿಲ್ಲ. ಮಕ್ಕಳ ಒಳ್ಳೆಯ ಪದ್ಯಗಳೆಲ್ಲ ಅಶುದ್ಧವೆಂಬ ಪಟ್ಟಿಗೆ ಸೇರಿದ್ದುವು.

ಲಘುವನ್ನು 1 ಎಂದೂ ಗುರುವನ್ನು 2 ಎಂದೂ ಬರೆ, 0 ಎಂದರೆ ಅಕ್ಷರವೇ ಇಲ್ಲವೆಂದಾಗಲಿ ಎಂದೆನು. ಇದರಲ್ಲಿ ಹೊಸತೇನೂ ಇಲ್ಲ. ಮಾತ್ರೆಯೆಂದರೆ ಅದೇ ತಾನೆ. ಈಗ ಪದ್ಯವೊಂದಕ್ಕೆ 28 ಗಣ, ಗಣಕ್ಕೆ 4 ಮನೆ. ಸಾಲುಗಳನ್ನು ಕೂಡಿದರೆ 3, 4, 3, 4 ಎಂದು ಬರಬೇಕು. ಮೂರನೆಯ ಮತ್ತು ಆರನೆಯ ಪಾದಗಳ ಕೊನೆಯ ಗುರುಗಳನ್ನು ಸೇರಿಸಿದರೆ ಪದ್ಯಕ್ಕೆ 102 ಮಾತ್ರೆ. ಮೊದಲ ಮನೆಯಲ್ಲಿ 1, ಎರಡನೆಯದರಲ್ಲಿ 2 ಇರುವ ಸಾಲುಗಳಾವುವು ಎಂದು ಕೇಳಿದೊಡನೆ ನಿಷಿದ್ಧವಾದ ಲಗಾದಿ ಗಣಗಳು ನಾಲ್ಕು ಪುಸ್ತಕಗಳಿಂದಲೂ ಒಟ್ಟಿಗೆ ಎದ್ದು ಬಂದುವು. ಸಂಚಿಯಲ್ಲಿ ಕೈಯಾಡಿಸಿ ಒಂದೊಂದನ್ನೇ ನೋಡುವ ಕಷ್ಟವಿಲ್ಲ.

ಇನ್ನೊಂದು ತೊಡಕು ಉಳಿದಿತ್ತು. ಸಂದೇಹವಿದ್ದ ಅಕ್ಷರದ ಮೇಲೆ ಮಕ್ಕಳು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿದ್ದರು. ಅಂತಹ ಒಂದು ಚಿಹ್ನೆ ಕೋಷ್ಠಕಕ್ಕೆ ಹೊಕ್ಕರೆ ಅದರ ಅಂಕಿಗಳೆಲ್ಲ ಲಿಪಿಯಾಗಿಬಿಡುವುವು. 1 ಎಂಬುದು ಸಂಖ್ಯೆಯಾಗಿರದೆ ಬರಿಯ ಗುರುತಾಗುವುದು, ಕೂಡಲಾಗದು. ಏಕಜಾತಿಯ ನಿಯಮದ ಫಲವಿದು. ಚಿಹ್ನೆಗಳನ್ನು ಅಳಿಸಿಬಿಡೋಣವೆಂದನು ಹುಡುಗ. ನಾನು ಒಪ್ಪಲಿಲ್ಲ. ಸಂದೇಹಕ್ಕೆಂದೇ ಅದೇ ಅಳತೆಯ ಮತ್ತೊಂದು ಕೋಷ್ಠಕವನ್ನು ಮಾಡಿಸಿದೆನು. ಅರೇಯನ್ನು ಮರಳಿ ಲಿಸ್ಟ್ ಮಾಡುವಾಗ ಸೊನ್ನೆಗಳು ತಾವಾಗಿ ಉದುರುವುದಿಲ್ಲವಾದುದರಿಂದ ಅವನ್ನು ತೆಗೆಸಿ, ನೋಟುಪುಸ್ತಕದೊಡನೆ ಸಾಲುಸಾಲಾಗಿ ಒಪ್ಪವಿಟ್ಟು ನೋಡಿದೆವು.

ಹೀಗೆ ನೋಡುವಾಗ, ಹಳ್ಳಿಯಿಂದ ನಡೆದುಬರುತ್ತಿದ್ದ ಹುಡುಗಿಯೊಬ್ಬಳ ಪದ್ಯದಲ್ಲಿ ಒಂದು ಗಣಕ್ಕೆ ಐದು ಮಾತ್ರೆ ಬಂದಿತು. ಸಂದೇಹದ ಕೋಷ್ಠಕದಲ್ಲಿ ಆ ಮನೆಗೆ ಗುರುತಿತ್ತು. ಗಟ್ಟಿಯಾಗಿ ಓದಿ ನೋಡಿದೆನು. ರೇಫವು ಕೂಡಿದ ಒತ್ತಕ್ಷರ. ಅವಳು ತೇಲಿಸಿ ಹೇಳುವಳೆಂದೇ ಬರೆದಿದ್ದಾಳೆ. ಶಿಥಿಲದ್ವಿತ್ವವಾದುದರಿಂದ ಹಿಂದಿನಕ್ಷರವು ಲಘುವೇ. ಗಣಕ್ಕೆ ನಾಲ್ಕೇ ಮಾತ್ರೆ. ಆ ಪದ್ಯವು ಅಚ್ಚಿನ ಪಟ್ಟಿಗೆ ಸೇರಿತು. ಗುರುತು ಬಿದ್ದ ಪದ್ಯಗಳು ಇನ್ನೂ ಒಂಬತ್ತಿವೆ. ಹುಡುಗನ ಪರೀಕ್ಷೆ ಮುಗಿದ ಮೇಲೆ ಅವನ್ನು ಓದಬೇಕಾಗಿದೆ.