ಅಪ್ಪನ ಯೆಜ್ಡಿಗೆ ಬೆಲೆ ಎಷ್ಟು?

ಹಳೇ ಎತ್ತಿಗೆ ಬೆಲೆ ಕಟ್ಟೋದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹಲ್ಲು ನೋಡ್ತಾರೆ, ಸುಳಿ ನೋಡ್ತಾರೆ, ನಾಲ್ಕು ಹೆಜ್ಜೆ ನಡೆಸ್ತಾರೆ, ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮುಗಿಸ್ತಾರೆ. ಹಳೇ ಮೋಟಾರ್ ಸೈಕಲ್ಲಿಗೆ, ಅದರಲ್ಲೂ ಅರ್ಧಕ್ಕರ್ಧ ಬದಲಾಯಿಸಿದ ಗಾಡಿಗೆ, ಹಾಗೆ ಬೆಲೆ ಕಟ್ಟೋಕೆ ಆಗಲ್ಲ. ನಾವಿಬ್ಬರು, ಅಣ್ಣ ತಂಗಿ, ಅಪ್ಪನ ಯೆಜ್ಡಿಗೆ ಇನ್ಶೂರೆನ್ಸ್ ಮಾಡಿಸೋಕೆ ಒಂದೂವರೆ ತಿಂಗಳು ಓಡಾಡಿದ ಕಥೆ ಇದು. ಹಾಲಿನ ಕ್ಯಾನ್ ಕಟ್ಟೋ ಗಾಡಿ, ಹುಲ್ಲಿನ ಹೊರೆ ಹೊರೋ ಗಾಡಿ ಇರೋ ಮನೆಯವರಿಗೆ ಉಪಯೋಗ ಆಗಬಹುದು ಅಂತ ಬರೀತಿದ್ದೇವೆ.

ಗಾಡಿ ರೋಡ್‌ಕಿಂಗ್. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಕಿಕ್ ಹೊಡೆಯೋ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುತ್ತಲ್ಲ, ಅದೇ ಗಾಡಿ. ಕಾರ್ಖಾನೆ ಮುಚ್ಚಿದ ಮೇಲೆ ಸಾಮಾನು ಸಿಗೋದು ಕಷ್ಟ ಆಯ್ತು. ಆದ್ದರಿಂದ ಅಪ್ಪ ಯಾವುದು ಸಿಕ್ಕಿತೋ ಅದನ್ನ ಕೂರಿಸುತ್ತಾ ಬಂದರು. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರು. ಮುಂದಿನ ಫೋರ್ಕ್, ಚಕ್ರ, ಡಿಸ್ಕ್ ಬ್ರೇಕ್ ಎಲ್ಲ ಬೇರೆ ಗಾಡಿಯವು. ಹೆಡ್‌ಲೈಟ್ ಎಲ್‌ಇಡಿ. ಸೀಟು ಅರ್ಧ ಕತ್ತರಿಸಿ, ಹಿಂದೆ ಎರಡೂ ಪಕ್ಕ ನಲವತ್ತು ಲೀಟರಿನ ಕ್ಯಾನ್ ಕೂರೋ ಹಾಗೆ ಕಬ್ಬಿಣದ ಚೌಕಟ್ಟು. ಊರಿನ ವೆಲ್ಡಿಂಗ್ ಶಾಪಿನವರು ಈಗಲೂ ಬೇರೆಯವರಿಗೆ ಚೌಕಟ್ಟು ಮಾಡುವಾಗ ನಮ್ಮ ಗಾಡಿ ನೋಡಿ ಅಳತೆ ತಗೊಳ್ತಾರೆ.

ಅಪ್ಪನ ಹಳೇ ಡೈರಿಯಲ್ಲಿ ಎಲ್ಲ ಖರ್ಚೂ ಬರೆದಿದೆ. ಗಾಡಿ ಕೊಂಡಿದ್ದು ಸೇರಿಸಿ ಕೂಡಿದರೆ 84,000 ಚಿಲ್ಲರೆ.

ಏಜೆಂಟರು ಮನೆಗೇ ಬಂದಿದ್ದರು. ಮೊಬೈಲಿನಲ್ಲಿ ಹುಡುಕಿ, "ಅಣ್ಣಾ, ಯೆಜ್ಡಿ ಅಂದ್ರೆ ಈಗಿನ ಹೊಸ ಯೆಜ್ಡಿನೇ ಬರ್ತದೆ, ನಿಮ್ದು ಲಿಸ್ಟಲ್ಲೇ ಇಲ್ಲ" ಅಂದರು. ಆಮೇಲೆ, "ಥರ್ಡ್ ಪಾರ್ಟಿ ಮಾಡಿಸಿ ಸಾಕು. ಫುಲ್ ಬೇಕು ಅಂದ್ರೆ ಹತ್ತು ಸಾವಿರಕ್ಕೆ ಹಾಕ್ತೀನಿ."

ಅಪ್ಪ ಒಂದೇ ಮಾತು ಕೇಳಿದರು. "ಗುಜರಿಯವನು ತೂಕಕ್ಕೆ ಎಷ್ಟು ಕೊಡ್ತಾನೆ ಕಣಪ್ಪ?"

ಈ ಹತ್ತು ಸಾವಿರ ಎಲ್ಲಿಂದ ಬಂತು ಅಂತ ಹುಡುಕಿದೆವು. ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಅಂಕಿ ಇರುತ್ತೆ. ಗಾಡಿ ಕಳುವಾದರೆ ಅಥವಾ ರಿಪೇರಿಗೆ ಆಗದಷ್ಟು ಜಖಂ ಆದರೆ ಸಿಗೋ ಹಣಕ್ಕೆ ಅದೇ ಮಿತಿ. ಹೊಸ ಗಾಡಿಗೆ ಇದನ್ನ ಕಂಪನಿಯ ಮಾರಾಟ ಬೆಲೆಯಿಂದ ಲೆಕ್ಕ ಹಾಕ್ತಾರೆ. ಆರು ತಿಂಗಳೊಳಗೆ ಶೇ. 5 ಕಡಿತ, ವರ್ಷದೊಳಗೆ ಶೇ. 15, ಹೀಗೆ ಏರುತ್ತಾ ಐದನೇ ವರ್ಷ ಶೇ. 50. ಅಲ್ಲಿಗೆ ಕೋಷ್ಟಕ ಮುಗೀತು. ಐದು ವರ್ಷ ದಾಟಿದ ಗಾಡಿಗೆ, ತಯಾರಿಕೆ ನಿಂತ ಮಾದರಿಗೆ, ಬೆಲೆಯನ್ನ ಕಂಪನಿಯೂ ಮಾಲೀಕರೂ ಮಾತಾಡಿ ಒಪ್ಪಿಕೊಳ್ಳಬೇಕು. ನಿಯಮ ಹೇಳೋದು ಇಷ್ಟೇ. ಅಂದರೆ ಹತ್ತು ಸಾವಿರ ಅನ್ನೋದು ಸರ್ಕಾರದ ಬೆಲೆ ಅಲ್ಲ, ಏಜೆಂಟರು ಹಿಡಿದ ಮೊದಲ ಬೆರಳು. ನಾವೂ ಬೆರಳು ಹಿಡೀಬಹುದು.

ಹಿಡಿಯೋಕೆ ಕೈಯಲ್ಲಿ ಏನಾದರೂ ಇರಬೇಕಲ್ಲ. ಮಾರುಕಟ್ಟೆ ಬೆಲೆ ತಿಳಿಯೋಣ ಅಂತ ಹಳೇ ಯೆಜ್ಡಿ ಕೊಳ್ಳೋ ಮೈಸೂರಿನ ಒಬ್ಬರಿಗೆ ಫೋಟೊ ಕಳಿಸಿದೆವು. ಅವರು ಇಂಜಿನ್ನು, ಟ್ಯಾಂಕು, ಜೋಡಿ ಸೈಲೆನ್ಸರ್ ನೋಡಿ ಖುಷಿಪಟ್ಟು 55,000 ಅಂದರು. ಮುಂದಿನ ಚಕ್ರ ನೋಡಿದ ಮೇಲೆ 40,000ಕ್ಕೆ ಇಳಿದರು. "ಅದೆಲ್ಲ ಕಿತ್ತು ಒರಿಜಿನಲ್ ಹುಡುಕಿ ಹಾಕಬೇಕು, ಆ ಖರ್ಚು ನಂದೇ ತಾನೆ?" ಅಪ್ಪ ಡಿಸ್ಕ್ ಬ್ರೇಕಿಗೆ ಹಾಕಿದ್ದ ದುಡ್ಡು ಬೆಲೆಗೆ ಕೂಡಲಿಲ್ಲ, ಬೆಲೆಯಿಂದ ಕಳೆಯಿತು. ನಮಗೆ ಅತ್ಯಂತ ಆಶ್ಚರ್ಯ ಅನ್ನಿಸಿದ್ದು ಇದೇ. ಎಂಬತ್ತು ಲೀಟರ್ ಹಾಲು ಹೊತ್ತು ಇಳಿಜಾರಿನಲ್ಲಿ ಬರೋ ಮನುಷ್ಯನಿಗೆ ಆ ಬ್ರೇಕೇ ಗಾಡಿಯ ಜೀವ. ಕೊಳ್ಳೋವರಿಗೆ ಅದೇ ಊನ.

ಕಾನೂನಿಗೂ ಅದು ಊನವೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸಬಾರದು. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಗಟ್ಟಿ ಮಾಡಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು ಅಂತ ಸೇರಿತು. ಅಂಗವಿಕಲರು ಓಡಿಸೋಕೆ ಮಾಡಿಸೋ ಬದಲಾವಣೆಗೆ ಕಾಯ್ದೆಯಲ್ಲೇ ದಾರಿ ಇದೆ. ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಬರೆಸಬೇಕು. ಪಕ್ಕದ ಚಕ್ರ ಹಾಕಿಸಿಕೊಂಡು ಆರ್‌ಸಿಗೆ ಬರೆಸದೆ ಓಡಿಸ್ತಿರೋವರು ನಿಮ್ಮೂರಲ್ಲಿದ್ದರೆ ಇದನ್ನ ಓದಿ ಹೇಳಿ. ಬರೆಸಿದ್ದರೆ ಸ್ವಂತ ಗಾಡಿಯ ಹಾನಿಗೆ ಕಟ್ಟೋ ಪ್ರೀಮಿಯಂನಲ್ಲಿ ಶೇ. 50 ರಿಯಾಯಿತಿ ಕೇಳಬಹುದು.

ಹಾಲು ಹೊರೋದಕ್ಕೆ ಅಂಥ ದಾರಿ ಇಲ್ಲ. ಹದಿನೈದು ವರ್ಷ ದಾಟಿದ ಗಾಡಿ ಐದು ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಲೇಬೇಕು. ನಮ್ಮದೂ ಹೋಗೋ ಸಮಯ ಬಂದಿತ್ತು. ಮುಂದಿನ ಫೋರ್ಕ್ ಇಟ್ಟುಕೊಂಡು ಹೋಗೋದಾ, ತೆಗೆಯೋದಾ ಅಂತ ಮನೆಯಲ್ಲಿ ಎರಡು ದಿನ ಮಾತೇ ಸರಿಯಾಗಿ ನಡೆಯಲಿಲ್ಲ. "ಬ್ರೇಕ್ ಹಿಡೀದಿದ್ರೆ ಪೇಪರ್ ಬಂದು ನಿಲ್ಲಿಸ್ತದಾ?" ಅನ್ನೋದು ಅಪ್ಪನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಅಪಘಾತ ಆದಮೇಲೆ ಸರ್ವೇಯರ್ ಬಂದು ಆರ್‌ಸಿ ಪಕ್ಕಕ್ಕೆ ಗಾಡಿ ಇಟ್ಟು ನೋಡಿದಾಗ ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲ್ಲ, ಅನ್ನೋದು ನಮ್ಮ ವಾದ. ಕೊನೆಗೆ ಅಮ್ಮ, "ಎಂಬತ್ತು ಲೀಟರ್ ಯಾಕೆ ಹೊರಬೇಕು?" ಅಂದಳು. ಯಾರೂ ಆ ಕಡೆಯಿಂದ ಯೋಚನೆ ಮಾಡಿರಲಿಲ್ಲ.

ಅಮ್ಮನ ಮಾತು ಪಾಲಿಸಿಯಲ್ಲೂ ಇತ್ತು! ಖಾಸಗಿ ದ್ವಿಚಕ್ರ ಪಾಲಿಸಿಯಲ್ಲಿ ಗಾಡಿಯ ಬಳಕೆಗೆ ಮಿತಿ ಹೇಳೋ ಸಣ್ಣಕ್ಷರದ ಒಂದು ಭಾಗ ಇದೆ. ಬಾಡಿಗೆಗೆ ಓಡಿಸೋದು, ಸ್ವಂತ ಲಗೇಜು ಬಿಟ್ಟು ಸರಕು ಸಾಗಿಸೋದು, ರೇಸು, ಇವಕ್ಕೆ ಪಾಲಿಸಿ ಅನ್ವಯಿಸಲ್ಲ. ಅಪ್ಪ ನಮ್ಮ ಹಾಲಿನ ಜೊತೆ ಇನ್ನೂ ಐದು ಮನೆಯ ಹಾಲು ಡೇರಿಗೆ ಹಾಕಿ ತಿಂಗಳಿಗೆ ಇಷ್ಟು ಅಂತ ತಗೊಳ್ತಿದ್ದರು. ಅಂಥ ಹೊತ್ತಲ್ಲಿ ಯಾರಿಗಾದರೂ ಗಾಡಿ ತಾಗಿದರೆ, ಷರತ್ತು ಮುರಿದಿದೆ ಅಂತ ಸಾಬೀತಾದರೆ, ಪರಿಹಾರ ಮೊದಲು ಕಂಪನಿ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂತ ಕೋರ್ಟು ಹೇಳಬಹುದು. ನಮ್ಮ ಹತ್ತಿರ ವಸೂಲಿ ಮಾಡೋಕೆ ಇರೋದು ಒಂದೂಕಾಲು ಎಕರೆ.

ಗಾಡಿಯ ಬೆಲೆ ಎಷ್ಟಾದರೂ ಇರಲಿ, ಥರ್ಡ್ ಪಾರ್ಟಿ ಬಿಡಬೇಡಿ ಅನ್ನೋದು ಇದಕ್ಕೇ. ನಮ್ಮದು 150ರಿಂದ 350 ಸಿಸಿ ವರ್ಗ. ನಾವು ಕಟ್ಟಿದ್ದು 1,366 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ. ಎದುರಿನವರ ಪ್ರಾಣಕ್ಕೆ, ಗಾಯಕ್ಕೆ ಇದರಲ್ಲಿ ಮೊತ್ತದ ಮಿತಿ ಇಲ್ಲ. ಅವರ ಆಸ್ತಿಗೆ ಒಂದು ಲಕ್ಷದವರೆಗೆ. ಓಡಿಸೋ ಮಾಲೀಕನಿಗೆ ಬೇರೆಯಾಗಿ 15 ಲಕ್ಷದ ಅಪಘಾತ ವಿಮೆ.

ಹಳೇ ಡ್ರಮ್ ಬ್ರೇಕಿನ ಫೋರ್ಕ್ ಮೈಸೂರಲ್ಲಿ ಸಿಕ್ಕಿತು. ಹಾಕಿಸಿ, ಚೌಕಟ್ಟು ಬಿಚ್ಚಿ, ಆರ್‌ಸಿ ನವೀಕರಿಸಿದೆವು. ಬಿಲ್ಲುಗಳು, ನಾಲ್ಕೂ ಕಡೆಯ ಫೋಟೊ, ಇಂಜಿನ್ ನಂಬರು ಚಾಸಿಸ್ ನಂಬರಿನ ಫೋಟೊ ಹಿಡಿದು ಎರಡು ಕಂಪನಿಗೆ ಹೋದೆವು. ಒಂದರಲ್ಲಿ ಇಷ್ಟು ಹಳೇ ಗಾಡಿಗೆ ಫುಲ್ ಇಲ್ಲವೇ ಇಲ್ಲ ಅಂದರು. ಇನ್ನೊಂದರವರು ಸರ್ವೇಯರ್ ಕಳಿಸಿದರು. ನಾವು 50,000 ಅಂದೆವು, ಅವರು 25,000 ಅಂದರು, 38,000ಕ್ಕೆ ನಿಂತಿತು. ಚಿಕ್ಕ ಪುಟ್ಟ ರಿಪೇರಿಗೆ ಇದರಿಂದ ದೊಡ್ಡ ಲಾಭ ಇಲ್ಲ. ಟೈರು, ರಬ್ಬರು, ಪ್ಲಾಸ್ಟಿಕ್ಕು, ಬ್ಯಾಟರಿಗೆ ಅರ್ಧ ದುಡ್ಡು ಮಾತ್ರ. ಹತ್ತು ವರ್ಷ ಮೀರಿದ ಗಾಡಿಯ ಕಬ್ಬಿಣದ ಭಾಗಕ್ಕೂ ಅರ್ಧವೇ. ಕಳುವಾದರೆ ಕೈ ಹಿಡಿಯುತ್ತೆ. ಯೆಜ್ಡಿಗೆ ಈಗ ಕಳ್ಳರ ಕಣ್ಣೂ ಇದೆ.

ಐದು ಮನೆಯ ಹಾಲು ಈಗ ಲಗೇಜ್ ಆಟೋದಲ್ಲಿ ಹೋಗುತ್ತೆ. ಅಪ್ಪನಿಗೆ ಬರ್ತಿದ್ದ ತಿಂಗಳ ದುಡ್ಡು ನಿಂತಿದೆ. ಚೌಕಟ್ಟು ಕೊಟ್ಟಿಗೆ ಗೋಡೆಗೆ ಒರಗಿದೆ, ಗುಜರಿಗೆ ಹಾಕೋಕೆ ಅವರು ಬಿಟ್ಟಿಲ್ಲ. ಬಿಚ್ಚಿದ ಫೋರ್ಕಿಗೆ ಗ್ರೀಸ್ ಹಚ್ಚಿ, ಗೋಣಿಚೀಲ ಸುತ್ತಿ, ಅಟ್ಟಕ್ಕೆ ಹಾಕಿದ್ದಾರೆ.